ದೇವರ ಪಿಕ್ಚರಿಗೆ ಮಾತ್ರ

ಪರದೆಯ ಮೇಲೆ ಒಂದು ಇಡೀ ನಗರ ಕುಸಿಯುತ್ತಿತ್ತು, ನಾನು ಯಾರದೋ ಅಡುಗೆಮನೆಯನ್ನು ನೋಡುತ್ತಿದ್ದೆ. ಆಕಾಶದಲ್ಲಿ ಇಬ್ಬರು ಹೊಡೆದಾಡುತ್ತಿದ್ದರು. ಒಬ್ಬ ಇನ್ನೊಬ್ಬನನ್ನು ಎತ್ತಿ ಎಸೆದಾಗ ಎತ್ತರದ ಕಟ್ಟಡವೊಂದರ ಗೋಡೆ ಸಿಪ್ಪೆ ಸುಲಿದ ಹಾಗೆ ಕಿತ್ತುಬಂತು. ಒಳಗೆ ಒಂದು ಒಲೆ, ಒಲೆಯ ಮೇಲೆ ಪಾತ್ರೆ, ಪಾತ್ರೆಯ ಮೇಲೆ ಓರೆಯಾಗಿಟ್ಟ ಮುಚ್ಚಳ. ಹಾಲು ಉಕ್ಕಿ ಹೋಗದಿರಲಿ ಎಂದು ನಾವೆಲ್ಲ ಇಡುತ್ತೇವಲ್ಲ, ಹಾಗೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಮರೆಯಾಯಿತು. ಆಮೇಲಿನ ಒಂದು ಗಂಟೆ ಪರದೆಯ ಮೇಲೆ ಏನೇನು ಉರಿಯಿತೋ, ಯಾರು ಯಾರನ್ನು ಗೆದ್ದರೋ, ನನ್ನ ತಲೆಗೆ ಹತ್ತಲಿಲ್ಲ. ಆ ಒಲೆ ಆರಿಸಿದವರು ಯಾರು, ಆ ಮನೆಯ ಹೆಂಗಸು ಎಲ್ಲಿಗೆ ಹೋದಳು ಎಂದೇ ಯೋಚಿಸುತ್ತಿದ್ದೆ. ಹೊರಗೆ ಬಂದ ಮೇಲೆ, ಮೆಟ್ಟಿಲು ಇಳಿಯುತ್ತ, ಮಗಳು ಸಿಂಧು ಕೇಳಿದಳು:

"ಹೇಗಿತ್ತಮ್ಮ?"

"ಚೆನ್ನಾಗಿತ್ತು."

"ಸುಳ್ಳು ಹೇಳ್ಬೇಡ. ಎಲ್ರೂ ಕುಣ್ಕೊಂಡು ಬರ್ತಿದಾರೆ, ನೀನೊಬ್ಳು ಸಾವಿನ ಮನೆಯಿಂದ ಎದ್ದು ಬಂದೋಳ ಥರ ಬರ್ತಿದೀಯ."

ನಾನೇನೂ ಸಿನಿಮಾದ ಹುಚ್ಚು ಇರುವವಳಲ್ಲ. ಸಿಂಧುವಿಗೆ ರಜೆ ಬಂದಾಗ ರಾಮನಗರದಿಂದ ಹೆದ್ದಾರಿ ಹಿಡಿದು ಬೆಂಗಳೂರಿನ ಯಾವುದಾದರೂ ಮಾಲಿಗೆ ಹೋಗುತ್ತೇವೆ. ಅವಳೂ ಅವಳಪ್ಪನೂ ಆರಿಸುವುದು ಯಾವಾಗಲೂ ಇಂಥವನ್ನೇ. ಇಂಗ್ಲಿಷಿನದಾದರೆ ಮೈಗೆ ಅಂಟಿದ ಬಟ್ಟೆಯ ಹಾರಾಡುವ ಗಂಡಸರು, ನಮ್ಮವರದಾದರೆ ಮೈಮೇಲೆ ಬಟ್ಟೆಯೇ ನಿಲ್ಲದ ರಾಜಕುಮಾರರು. ಒಬ್ಬನೇ ನಿಂತು ಒಂದು ಸೈನ್ಯವನ್ನು ತಡೆಯುತ್ತಾನೆ. ತಾಯಿ ಮೊದಲ ಅರ್ಧ ಗಂಟೆಯಲ್ಲೇ ಸಾಯುತ್ತಾಳೆ, ಅವಳು ಸಾಯದಿದ್ದರೆ ಮಗನಿಗೆ ಸಿಟ್ಟು ಬರುವುದಾದರೂ ಹೇಗೆ? ಕೆಟ್ಟವನಿಗೂ ಒಂದು ಬಾಲ್ಯ ಕೊಟ್ಟು, ಅವನು ಯಾಕೆ ಹಾಗಾದ ಎಂದು ಹೇಳಿಕೊಳ್ಳಲು ಬೇಕಾದಷ್ಟು ಹೊತ್ತು ಕೊಡುತ್ತಾರೆ. ಸದ್ದು ಎದೆಗೆ ಗುದ್ದುತ್ತದೆ, ಪಾಪ್‌ಕಾರ್ನ್ ಮಾತ್ರ ಬಿಸಿಯಾಗಿರುತ್ತದೆ. ಇದೆಲ್ಲ ಇರಲಿ, ಮಕ್ಕಳು ಖುಷಿಪಡುತ್ತಾರೆ. ನನಗೆ ತಡೆಯಲಾಗದ್ದು ಒಂದೇ. ಒಬ್ಬಳು ಮೇಲಿನಿಂದ ಬೀಳುತ್ತಾಳೆ, ನೆಲ ಮುಟ್ಟುವ ಮೊದಲು ಒಬ್ಬ ಬಂದು ಹಿಡಿಯುತ್ತಾನೆ. ಇಡೀ ಥಿಯೇಟರು ಕತ್ತಲಲ್ಲಿ ಅಬ್ಬಾ ಎಂದು ಉಸಿರು ಬಿಡುತ್ತದೆ. ನನಗೆ ಆ ಉಸಿರಿನ ಮೇಲೆ ಸಿಟ್ಟು ಬರುತ್ತದೆ. ಸಿಂಧುವಿಗೆ ಇದನ್ನು ಹೇಗೆ ಬಿಡಿಸಿ ಹೇಳುವುದು? ಹೇಳಬೇಕೆಂದರೆ ನಾನು ಹುಟ್ಟಿ ಬೆಳೆದ ಮನೆಯ ಒಳಕ್ಕೆ ಅವಳನ್ನು ಕರೆದೊಯ್ಯಬೇಕು.

ಚನ್ನಪಟ್ಟಣದ ನಮ್ಮ ಮನೆ ರೈಲಿನ ಬೋಗಿಯ ಹಾಗೆ ಉದ್ದಕ್ಕಿತ್ತು. ಬೀದಿಗೆ ಅಪ್ಪನ ಪಡಸಾಲೆ, ಅದರ ಹಿಂದೆ ನಡುಮನೆ, ಅದರ ಹಿಂದೆ ಹಗಲಲ್ಲೂ ದೀಪ ಬೇಕಾಗುವ ಅಡುಗೆಮನೆ, ಕೊನೆಗೆ ಹಿತ್ತಲಿನ ಶೆಡ್ಡು. ಶೆಡ್ಡಿನಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ಸಾಲಾಗಿ ಒಲೆಗಳು, ಒಲೆಗಳ ಮೇಲೆ ಬಿಸಿನೀರಿನ ಬಾಣಲಿ, ನೀರಿನಲ್ಲಿ ತೇಲುವ ಗೂಡು. ಎದುರಿಗೆ ಕುಳಿತ ಹೆಂಗಸರು ಆ ನೀರಿಗೆ ಬೆರಳು ಹಾಕಿ ಎಳೆಯ ತುದಿ ಹುಡುಕಿ ರಾಟೆಗೆ ಕೊಡಬೇಕು. ಅವರ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿ, ಬೇಯಿಸಿದ ಕಡಲೆಬೀಜದ ಹಾಗೆ ಕಾಣುತ್ತಿದ್ದವು. ಒಳಗಿನ ಹುಳ ಗೂಡಿನಲ್ಲೇ ಬೆಂದು ಸಾಯುತ್ತಿತ್ತು. ಆ ವಾಸನೆ ನಮ್ಮ ಅನ್ನಕ್ಕೆ, ಹಾಸಿಗೆಗೆ, ಅಮ್ಮನ ಸೆರಗಿಗೆ, ನನ್ನ ಕಾನ್ವೆಂಟಿನ ಯೂನಿಫಾರ್ಮಿಗೆ ಹತ್ತಿಕೊಂಡಿತ್ತು. ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ಕರ್ಚೀಫು ಮೂಗಿಗೆ ಹಿಡಿಯುತ್ತಿದ್ದಳು. ಸಿಸ್ಟರ್ ಒಮ್ಮೆ ನನ್ನನ್ನು ಕರೆದು, ಬಹಳ ಪ್ರೀತಿಯಿಂದ, ಒಗೆಯುವಾಗ ಸೋಪು ಸ್ವಲ್ಪ ಹೆಚ್ಚು ಹಾಕಲು ಅಮ್ಮನಿಗೆ ಹೇಳು ಎಂದರು. ಅವತ್ತಿನಿಂದ ಅಮ್ಮ ನನ್ನ ಯೂನಿಫಾರ್ಮನ್ನು ಪಡಸಾಲೆಯಲ್ಲಿ ಒಣಹಾಕತೊಡಗಿದಳು. ವಾಸನೆ ಮುಟ್ಟದ ಜಾಗ ಅದೊಂದೇ. ಅಪ್ಪನನ್ನು ನೋಡಲು ಬಂದವರಿಗೆ ಹಿತ್ತಲಿನ ವಾಸನೆ ಬಡಿಯಬಾರದೆಂದು ನಡುವಿನ ಎರಡು ಬಾಗಿಲುಗಳನ್ನು ಮುಚ್ಚಿಯೇ ಇಡುತ್ತಿದ್ದರು.

ಬರುವವರಿಗೆ ಲೆಕ್ಕವಿರಲಿಲ್ಲ. ಅಪ್ಪ ಯಾವ ಚುನಾವಣೆಗೂ ನಿಂತವರಲ್ಲ, ಆದರೆ ಸುತ್ತಿನ ಜಗಳಗಳೆಲ್ಲ ನಮ್ಮ ಪಡಸಾಲೆಗೆ ಬಂದು ಬಗೆಹರಿಯುತ್ತಿದ್ದವು. ಗೋಡೆಯ ಮೊಳೆಗೆ ಒಂದು ಬಿಳಿ ಅಂಗಿ ಸದಾ ತೂಗುತ್ತಿತ್ತು. ಯಾರಾದರೂ ಹೊರಗಿನಿಂದ "ಗೌಡ್ರೇ" ಎಂದರೆ ಸಾಕು, ಬನಿಯನ್ ಮೇಲೆ ಆ ಅಂಗಿ ಬೀಳುತ್ತಿತ್ತು. ಅಂಗಿ ಬಿದ್ದೊಡನೆ ಅಪ್ಪನ ದನಿ ಬೇರೆಯಾಗುತ್ತಿತ್ತು, ಬೆನ್ನು ನೆಟ್ಟಗಾಗುತ್ತಿತ್ತು, ಮುಖದಲ್ಲಿ ನಗು ಬರುತ್ತಿತ್ತು. ಬಂದವರು ಹೋದ ಮೇಲೆ ಅಂಗಿ ಮೊಳೆಗೆ ಮರಳುತ್ತಿತ್ತು, ನಗುವೂ. ಒಳಗೆ ಬಂದರೆ ಮಾತೇ ಇಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ತಟ್ಟೆಯನ್ನು ಬೆರಳಲ್ಲಿ ಮುಂದಕ್ಕೆ ತಳ್ಳುತ್ತಿದ್ದರು. ಈಗಿನ ಸಿನಿಮಾಗಳಲ್ಲಿ ನಾಯಕ ಉಡುಪು ಬದಲಿಸಿಕೊಳ್ಳುವ ದೃಶ್ಯಕ್ಕೆ ಶಿಳ್ಳೆ ಬೀಳುತ್ತದೆ. ಊರಿಗೆ ಒಂದು ಮುಖ, ಮನೆಗೆ ಒಂದು ಮುಖ, ಎಂಥ ಒಳ್ಳೆಯ ಕಲ್ಪನೆ ಎಂದು ನನ್ನ ಮನೆಯವರು ಮೆಚ್ಚುತ್ತಾರೆ. ಕಲ್ಪನೆ ಎಂದು ಯಾಕನ್ನುತ್ತಾರೋ ನನಗೆ ಗೊತ್ತಿಲ್ಲ.

ಅಪ್ಪ ಮಾಡಿದ ಒಳ್ಳೆಯ ಕೆಲಸವನ್ನು ನಾನು ಮುಚ್ಚಿಡುವುದಿಲ್ಲ. ನಮ್ಮ ಶೆಡ್ಡಿನಲ್ಲಿ ನೂಲು ತೆಗೆಯುತ್ತಿದ್ದ ಜರೀನಾಬಿಯ ಮಗಳನ್ನು ರಾಮನಗರಕ್ಕೆ ಕೊಟ್ಟಿದ್ದರು. ಗಂಡ ಅವಳನ್ನು ಹೊಡೆದು ಒಳಗೆ ಕೂಡಿಹಾಕುತ್ತಾನೆಂದು ಸುದ್ದಿ ಬಂದ ದಿನ ಜರೀನಾಬಿ ಬಾಣಲಿಯ ಮುಂದೆಯೇ ಕುಸಿದು ಕುಳಿತಳು. ಅಪ್ಪ ಅಂಗಿ ಹಾಕಿಕೊಂಡು, ಬೀದಿಯ ಇಬ್ಬರನ್ನು ಕರೆದುಕೊಂಡು ಬಸ್ಸು ಹತ್ತಿದರು. ಸಂಜೆಗೆ ಜಟಕಾ ಗಾಡಿಯಲ್ಲಿ ಆ ಹುಡುಗಿ ನಮ್ಮ ಬಾಗಿಲ ಮುಂದೆ ಇಳಿದಳು. ಇಡೀ ಬೀದಿ ನೆರೆಯಿತು. "ಅಲ್ಲಾ ನಿಮ್ನ ನೂರು ಕಾಲ ಚೆನ್ನಾಗಿಟ್ಟಿರ್ಲಿ ಅಣ್ಣಾ," ಎಂದು ಜರೀನಾಬಿ ಅತ್ತಳು. ನಾನು ಹೊಸಿಲ ಮೇಲೆ ನಿಂತಿದ್ದೆ. ಹತ್ತು ವರ್ಷದ ಹುಡುಗಿಗೆ ತನ್ನ ಅಪ್ಪನ ಬಗ್ಗೆ ಅದಕ್ಕಿಂತ ದೊಡ್ಡ ಹೆಮ್ಮೆ ಬೇಕೆ?

ಅದೇ ವರ್ಷ, ಮಳೆಗಾಲ ಶುರುವಾಗುವ ಹೊತ್ತಿಗೆ, ಅಪ್ಪನ ತಂಗಿ ಜಯತ್ತೆ ಗುಡೇಮಾರನಹಳ್ಳಿಯ ಗಂಡನ ಮನೆಯಿಂದ ಬಂದಳು. ಕೈಯಲ್ಲಿ ಒಂದು ಬಟ್ಟೆಗಂಟು ಬಿಟ್ಟರೆ ಏನೂ ಇರಲಿಲ್ಲ. ಒಸಿ ದಿನ ಇದ್ದು ಹೋಗೋಕೆ ಬಂದವ್ಳೆ ಎಂದು ಅಜ್ಜಿ ಬೀದಿಯವರಿಗೆ ಹೇಳಿದಳು. ಜಯತ್ತೆಗೆ ಎಡಗಿವಿ ಕೇಳುತ್ತಿರಲಿಲ್ಲ. ಯಾರಾದರೂ ಮಾತಾಡಿದರೆ ಕೋಳಿಯ ಹಾಗೆ ಕತ್ತು ತಿರುಗಿಸಿ ಬಲಗಿವಿ ಕೊಡುತ್ತಿದ್ದಳು. ಮದುವೆಯ ದಿನ ಅವಳಿಗೆ ಎರಡೂ ಕಿವಿ ಕೇಳುತ್ತಿದ್ದವು ಎಂದು ಅಮ್ಮ ನನಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಆಗ ಯಾರೂ ಏನೂ ಕೇಳಲಿಲ್ಲ. ಬಂದ ಮರುದಿನವೇ ಅವಳು ಹೋಗಿ ಶೆಡ್ಡಿನಲ್ಲಿ ಒಂದು ಬಾಣಲಿಯ ಮುಂದೆ ಕುಳಿತಳು. ಕೂರು ಎಂದೂ ಯಾರೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಮೊದಲು ಅಪ್ಪನದೂ ಬಂದ ಗಂಡಸರದೂ ಊಟ, ಆಮೇಲೆ ನಾನು, ಆಮೇಲೆ ಅಜ್ಜಿ ಮತ್ತು ಅಮ್ಮ, ಎಲ್ಲರದೂ ಆದ ಮೇಲೆ ಪಾತ್ರೆಯ ತಳದಲ್ಲಿ ಅಂಟಿದ ಮುದ್ದೆಯನ್ನು ಕೆರೆದುಕೊಂಡು ಜಯತ್ತೆ. ನನ್ನನ್ನು ಕಂಡರೆ ಅವಳಿಗೆ ಬಹಳ ಇಷ್ಟ. ಕಾನ್ವೆಂಟಿನ ಪದ್ಯ ಹೇಳಿಸಿ, ಒಂದೂ ಅರ್ಥವಾಗದೆ, ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ನಗುವಾಗ ಅವಳಿಗೆ ಇನ್ನೂ ಇಪ್ಪತ್ತರ ಆಸುಪಾಸು ಎಂದು ಗೊತ್ತಾಗುತ್ತಿತ್ತು.

ನಮ್ಮ ಮನೆಯ ಹೆಂಗಸರಿಗೆ ಸಿನಿಮಾ ನಿಷೇಧವೇನಿರಲಿಲ್ಲ. ದೇವರ ಪಿಕ್ಚರಾದರೆ ಹೋಗಬಹುದಿತ್ತು. ಪ್ರೀತಿ ಪ್ರೇಮದ್ದಕ್ಕೆ, ಹೊಡೆದಾಟದ್ದಕ್ಕೆ, ಊರೆಲ್ಲ ಅತ್ತು ಬಂದ ಸಂಸಾರದ ಕಥೆಗೆ ಸಹ ಅಪ್ಪಣೆ ಸಿಗುತ್ತಿರಲಿಲ್ಲ. ಯಾವ ಪಿಕ್ಚರು ಬಂದರೂ ಅಪ್ಪ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, "ದೇವ್ರು ಐತಾ?" ಇದ್ದರೆ ಮಡಿಸೀರೆ, ಬುಟ್ಟಿಯಲ್ಲಿ ಕಾಯಿ, ಕರ್ಪೂರ. ಅಜ್ಜಿ ಥಿಯೇಟರಿನ ಮೆಟ್ಟಿಲ ಬಳಿಯೇ ಚಪ್ಪಲಿ ಬಿಡುತ್ತಿದ್ದಳು. ವಾಪಸು ಬಂದಾಗ ಅಪ್ಪ ಪಿಕ್ಚರ್ ಹೇಗಿತ್ತು ಎಂದು ಕೇಳುತ್ತಿರಲಿಲ್ಲ, "ದರ್ಶನ ಆಯ್ತಾ?" ಎನ್ನುತ್ತಿದ್ದರು. ಆ ಪಿಕ್ಚರುಗಳಲ್ಲಿ ದೇವರು ಹಾರುವಾಗ ದಾರ ಕಾಣುತ್ತಿತ್ತು, ರಾಕ್ಷಸನ ಮೀಸೆ ಒಂದು ಕಡೆ ಬಿಟ್ಟುಕೊಂಡಿರುತ್ತಿತ್ತು. ಅದರಿಂದ ಭಕ್ತಿಗೇನೂ ಕಡಿಮೆಯಾಗುತ್ತಿರಲಿಲ್ಲ. ಈಗ ದಾರ ಕಾಣುವುದಿಲ್ಲ, ಅದಕ್ಕಾಗಿ ಸುರಿದ ದುಡ್ಡಿನ ಬಗ್ಗೆಯೇ ಎಲ್ಲರೂ ಮಾತಾಡುತ್ತಾರೆ.

ಆ ವರ್ಷ ದೇವರ ಪಿಕ್ಚರುಗಳು ಬರುವುದೇ ಅಪರೂಪವಾಗಿತ್ತು. ಶೆಡ್ಡು, ಅಡುಗೆಮನೆ, ಶೆಡ್ಡು ಎಂದು ಮನೆಯ ಹೆಂಗಸರಿಗೆ ತಿಂಗಳುಗಟ್ಟಲೆ ಹೊರಗಿನ ಗಾಳಿ ಇಲ್ಲ. ಒಂದು ದಿನ ನನ್ನನ್ನು ಸ್ಕೂಲಿನಿಂದ ಕರೆತರಲು ಅಜ್ಜಿಯೂ ಜಯತ್ತೆಯೂ ಒಟ್ಟಿಗೆ ಬಂದಿದ್ದರು. ಬಸ್ ಸ್ಟ್ಯಾಂಡಿನ ಗೋಡೆಗೆ ಹೊಸ ಪೋಸ್ಟರ್ ಹಚ್ಚಿದ್ದರು. ಬೆಳ್ಳಿ ಬಣ್ಣದ, ಮೈಗೆ ಅಂಟಿದ ಉಡುಪಿನ ಮೇಲೆ ಚಡ್ಡಿ ತೊಟ್ಟ ಒಬ್ಬ ಗಂಡಸು ಕಟ್ಟಡಗಳ ಮೇಲೆ ಕೈಚಾಚಿ ಹಾರುತ್ತಿದ್ದ. ಅಜ್ಜಿ ನಿಂತುಬಿಟ್ಟಳು.

"ಅದೇನ್ ಬರ್ದವ್ರೆ ಓದವ್ವ, ಕಾನ್ವೆಂಟ್ನೋಳು."

"ಇಂಗ್ಲಿಷ್ ಪಿಕ್ಚರ್ ಅಜ್ಜಿ. ದೇವ್ರ ಹೆಸ್ರೇನೂ ಇಲ್ಲ."

"ಹಾರ್ತಾವ್ನಲ್ಲ?"

"ಹಾರ್ತಿದಾನೆ."

"ರೆಕ್ಕೆ ಐತಾ ನೋಡು."

"ಇಲ್ಲ ಅಜ್ಜಿ."

"ರೆಕ್ಕೆ ಇಲ್ದೆ ಹಾರೋನು ಇನ್ಯಾರು? ದ್ಯಾವ್ರೇ ಬುಡು."

"ಇಂಗ್ಲಿಷ್ನೋರ ದ್ಯಾವ್ರು ಕಣವ್ವ," ಎಂದಳು ಜಯತ್ತೆ, ಬಾಯಿಗೆ ಸೆರಗು ಹಿಡಿದು. "ಪಾಪ, ಅವ್ರಿಗೂ ಒಬ್ಬ ಬ್ಯಾಡ್ವಾ?"

ಆ ರಾತ್ರಿ ಅಜ್ಜಿ ಪಿಕ್ಚರಿನ ಮಾತು ಎತ್ತಿದಾಗ, ಊಟಕ್ಕೆ ಕುಳಿತ ಅಪ್ಪ ಪೇಪರಿನಿಂದ ತಲೆ ಎತ್ತದೆ ಕೇಳಿದರು, "ದೇವ್ರು ಐತಾ?" ಅಜ್ಜಿ ಸಾರು ಬಡಿಸುತ್ತ "ಹೂಂ, ಐತೆ" ಎಂದಳು. ಅಪ್ಪನಿಗೆ ಅಷ್ಟು ಸಾಕಾಗಿತ್ತು. ಭಾನುವಾರ ಮ್ಯಾಟಿನಿಗೆ ನಾವು ನಾಲ್ವರೂ ಹೊರಟೆವು, ಮಾಮೂಲಿನಂತೆ ಬುಟ್ಟಿಯ ಸಮೇತ. ಬಾಗಿಲು ಕಾಯುವವನು ಅಜ್ಜಿಯ ಕೈಯಲ್ಲಿ ಕಾಯಿ ನೋಡಿ ಗಾಬರಿಯಾದ.

"ಅಜ್ಜಿ, ಇದು ಅಂಥಾ ಪಿಚ್ಚರ್ರಲ್ಲ. ಕಾಯ್ಗೀಯಿ ಹೊಡೀಬ್ಯಾಡಿ."

"ನಿಂಗೇನ್ಲಾ ಗೊತ್ತು, ದಿನಾ ನೋಡಿ ನೋಡಿ ನಿಂಗೆ ಭಕ್ತಿ ಹೊಂಟೋಗೈತೆ," ಎಂದು ಅಜ್ಜಿ ಮೆಟ್ಟಿಲಿಗೆ ಕಾಯಿ ಒಡೆದು, ಒಂದು ಹೋಳು ಅವನ ಕೈಗೇ ಇಟ್ಟಳು.

ಒಳಗೆ ಜಯತ್ತೆ ನನ್ನನ್ನು ಬಲಕ್ಕೆ ಕೂರಿಸಿಕೊಂಡಳು, ನಾನು ಇಂಗ್ಲಿಷನ್ನು ಕನ್ನಡ ಮಾಡಿ ಕಿವಿಯಲ್ಲಿ ಹೇಳಲಿ ಎಂದು. ನನಗೂ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ, ಸುಮ್ಮನೆ ಹೇಳುತ್ತ ಹೋದೆ. ಬೆಳ್ಳಿ ಅಂಗಿಯವನು ಮೊದಲ ಸಲ ನೆಲ ಬಿಟ್ಟು ಎದ್ದಾಗ ಅಜ್ಜಿ ಎರಡೂ ಕೈ ಎತ್ತಿ "ಗೋವಿಂದಾ" ಎಂದಳು. ಮುಂದಿನ ಸಾಲಿನ ಗಂಡಸರು ಬಿದ್ದು ಬಿದ್ದು ನಕ್ಕರು. ಅಮ್ಮನೂ ನಕ್ಕಳು, ಕಡಲೆಕಾಯಿ ಸಿಪ್ಪೆ ಮಡಿಲಿಗೆ ಚೆಲ್ಲಿಕೊಂಡು. ಅಮ್ಮ ಹಾಗೆ ನಗಬಲ್ಲಳೆಂದು ನನಗೆ ತಿಳಿದಿದ್ದೇ ಅಂದು. ಕೊನೆಕೊನೆಗೆ ಆ ದೃಶ್ಯ ಬಂತು. ಒಬ್ಬ ಹೆಂಗಸು ಮಹಡಿಯ ತುದಿಯಿಂದ ಜಾರಿದಳು. ಕೆಳಗೆ ರಸ್ತೆಯ ಕಾರುಗಳು ಇರುವೆಯಷ್ಟು ಚಿಕ್ಕದಾಗಿ ಕಾಣುತ್ತಿದ್ದವು. ಅವಳ ಕೂದಲು, ಲಂಗ ಎಲ್ಲ ಮೇಲಕ್ಕೆ ಹಾರುತ್ತಿದ್ದವು, ಸದ್ದೇ ಇರಲಿಲ್ಲ. ಎಲ್ಲಿಂದಲೋ ಅವನು ಬಂದ, ಎರಡು ಕೈಯಲ್ಲಿ ಹಿಡಿದ. ಜಯತ್ತೆ ನನ್ನ ಮೊಣಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಅವಳ ಬೆರಳಿನ ಸುಕ್ಕು ನನಗೆ ಒತ್ತುತ್ತಿತ್ತು.

"ಅವ್ಳೇನಾರ ಕೂಗಿದ್ಲಾ? ನಂಗೆ ಕೇಳಿಸ್ನಿಲ್ಲ."

"ಇಲ್ಲ ಅತ್ತೆ. ಕೂಗ್ಲಿಲ್ಲ."

"ಕೂಗ್ನೇ ಇಲ್ವಾ? ಮತ್ತೆ ಅವ್ನಿಗೆ ಹೆಂಗೆ ಗೊತ್ತಾಯ್ತು?"

ಮನೆಗೆ ಬರುವ ದಾರಿಯಲ್ಲೂ ಅದನ್ನೇ ಕೇಳಿದಳು. ಹೆಂಗೆ ಗೊತ್ತಾಯ್ತು, ಹೇಳಮ್ಮಿ. ನಮ್ಮ ಬಾಗಿಲ ಮುಂದೆ ಪರಸ್ಥಳದ ಧೂಳು ಹಿಡಿದ ಮೂರು ಜೊತೆ ಚಪ್ಪಲಿಗಳಿದ್ದವು. ಅವುಗಳಲ್ಲಿ ಒಂದನ್ನು ನೋಡಿ ಜಯತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಪಡಸಾಲೆಯಲ್ಲಿ ಅವಳ ಗಂಡ ಕುಳಿತಿದ್ದ. ಅವನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಜೊತೆಗೆ ಅವರ ಊರಿನ ಇಬ್ಬರು ಹಿರಿಯರು. ಹೆಂಡತಿಯನ್ನು ವಾಪಸು ಕರೆದುಕೊಂಡು ಹೋಗಲು ಬಂದಿದ್ದರು. ನಾವು ಬರುವ ತನಕ ಅಪ್ಪ ಒಪ್ಪಿರಲಿಲ್ಲವಂತೆ. ಅವಳ ಮೈ ಸುಧಾರಿಸಲಿ, ಯುಗಾದಿ ಕಳೆಯಲಿ, ಆಮೇಲೆ ಮಾತಾಡೋಣ ಎಂದಿದ್ದರಂತೆ. ನೀರು ಸೇದಲು ಬಂದಿದ್ದ ಜರೀನಾಬಿ ಇದನ್ನು ಕೇಳಿಸಿಕೊಂಡಿದ್ದಳು. ಅಪ್ಪ ಬಿಳಿ ಅಂಗಿಯಲ್ಲಿದ್ದರು. ನೆಂಟರ ಮುಂದೆ ಅಕ್ಕಿ ಅಳೆಯುವ ಪಾವಿನಲ್ಲಿ ನೀರಿತ್ತು. ಮನೆಯಲ್ಲಿ ನಾವು ಯಾರೂ ಇಲ್ಲದೆ, ಲೋಟ ಎಲ್ಲಿಡುತ್ತಾರೆಂದು ಗೊತ್ತಾಗದೆ, ಅಪ್ಪ ಕೈಗೆ ಸಿಕ್ಕಿದ್ದರಲ್ಲಿ ಕೊಟ್ಟಿದ್ದರು.

"ಎಲ್ಲೋಗಿದ್ರವ್ವ ಎಲ್ಲಾರೂವೆ?" ಎಂದು ಹಿರಿಯರಲ್ಲಿ ಒಬ್ಬ ಅಜ್ಜಿಯನ್ನು ಕೇಳಿದ.

"ದ್ಯಾವ್ರ ಪಿಚ್ಚರ್ಗೆ ಕಣಪ್ಪ."

"ಯಾವ್ದು, ಬಸ್ ಸ್ಟ್ಯಾಂಡ್ ತಾವ ಹಚ್ಚವ್ರಲ್ಲ, ಅದಾ?" ಅವನು ಅಪ್ಪನ ಕಡೆ ತಿರುಗಿದ. "ಅದ್ಯಾವ ದ್ಯಾವ್ರು ಗೌಡ್ರೆ, ಪಂಚೆ ಮರ್ತು ಬರೀ ಚಡ್ಡೀಲಿ ಬಂದಿರೋನು?"

ಇನ್ನೊಬ್ಬ ಹಿರಿಯ ನೀರು ನೆತ್ತಿಗೇರಿಸಿಕೊಂಡು ನಕ್ಕ. ಜಯತ್ತೆಯ ಗಂಡನೂ ನಕ್ಕ. ನಗುತ್ತಲೇ ಹೇಳಿದ:

"ಊರೋರ ಪಂಚಾಯ್ತಿಯೆಲ್ಲ ನೀವು ಮಾಡ್ತೀರಿ ಬಾವ. ನಿಮ್ಮನೆ ಹೆಂಗಸ್ರು ನೋಡುದ್ರೆ ಚಡ್ಡಿ ದ್ಯಾವ್ರಿಗೆ ಕಾಯಿ ಹೊಡ್ದು ಬತ್ತಾವ್ರೆ."

ಅಜ್ಜಿಯ ಬುಟ್ಟಿಯಲ್ಲಿ ಕಾಯಿಹೋಳು ಎಲ್ಲರಿಗೂ ಕಾಣುತ್ತಿತ್ತು. ಅಪ್ಪನ ಮುಖವನ್ನು ನಾನು ನೋಡಿದೆ. ಅದುವರೆಗೆ ಆ ಪಡಸಾಲೆಯಲ್ಲಿ ಬೇರೆಯವರ ತಲೆ ತಗ್ಗಿದ್ದನ್ನು ಕಂಡಿದ್ದೆ, ಅಪ್ಪನದನ್ನು ಕಂಡಿರಲಿಲ್ಲ. ತಗ್ಗಿದ ತಲೆ ಮತ್ತೆ ಎದ್ದಾಗ ಎಲ್ಲ ಮುಗಿದುಹೋಗಿತ್ತು.

"ನಾಳೆ ಬೆಳಿಗ್ಗೆ ಜಯನ್ನ ನಾನೇ ಕರ್ಕೊಂಡು ಬತ್ತೀನಿ. ನೀವು ಹೊರಡಿ."

ಜಯತ್ತೆ ನಡುಮನೆಯ ಬಾಗಿಲಲ್ಲಿದ್ದಳು. ಹೆಂಗಸರು ಆ ಹೊಸಿಲು ದಾಟಿ ಪಡಸಾಲೆಗೆ ಬಂದು ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಅವಳು ದಾಟಿ ಬಂದಳು.

"ಅಣ್ಣಾ, ನಾನು ಹೋಗಕಿಲ್ಲ."

"ಒಳಗೆ ನಡಿ."

"ಜರೀನಾಬಿ ಮಗಳ್ನ ನೀನೇ ಹೋಗಿ ಬುಡಿಸ್ಕಂಡು ಬಂದೆ."

"ಅದು ಬ್ಯಾರೆಯೋರ ಮನೆ ವಿಚಾರ. ಇದು ನಮ್ಮನೆ ಮರ್ಯಾದೆ."

ಜಯತ್ತೆ ಕತ್ತು ತಿರುಗಿಸಿ ಬಲಗಿವಿ ಕೊಟ್ಟಳು. "ಏನಂದೆ ಅಣ್ಣಾ?"

ಅಪ್ಪ ಅದನ್ನು ಎರಡನೆ ಸಲ ಹೇಳಬೇಕಾಯಿತು, ಮೊದಲಿಗಿಂತ ಜೋರಾಗಿ. ಬೀದಿಗೂ ಕೇಳಿಸಿತು. ಅವಳಿಗೆ ಮೊದಲ ಸಲವೇ ಕೇಳಿಸಿತ್ತೋ ಏನೋ. ಕೇಳಿಸಿದ್ದರೂ ನಾನು ಅವಳನ್ನು ಮೆಚ್ಚುತ್ತೇನೆ. ಆ ಮಾತನ್ನು ಅಪ್ಪನ ಬಾಯಿಂದ ಎರಡು ಸಲ ಹೊರಡಿಸಿದ್ದು ಅವಳೊಬ್ಬಳೇ.

ಸಿನಿಮಾಗಳಲ್ಲಿ ನಾಯಕನಿಗೆ ಇಂಥದೊಂದು ಪರೀಕ್ಷೆ ಇದ್ದೇ ಇರುತ್ತದೆ. ಒಂದು ಕಡೆ ಜಗತ್ತು, ಇನ್ನೊಂದು ಕಡೆ ತನ್ನವಳು. ಸಂಗೀತ ನಿಲ್ಲುತ್ತದೆ, ಅವನ ಕಣ್ಣಲ್ಲಿ ನೀರು ಬರುತ್ತದೆ, ಕೊನೆಗೆ ಹೇಗೋ ಎರಡನ್ನೂ ಉಳಿಸುತ್ತಾನೆ. ಪಕ್ಕದ ಸೀಟಿನಲ್ಲಿ ನನ್ನ ಮನೆಯವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ನನ್ನ ಅಪ್ಪನ ಕಣ್ಣಲ್ಲಿ ಹಾಗೆ ನೀರು ಬಂದದ್ದನ್ನು ನಾನು ನೋಡಲಿಲ್ಲ. ನೆಂಟರು ಹೋದ ಮೇಲೆ ಅಂಗಿ ತೆಗೆದು ಮೊಳೆಗೆ ಹಾಕಿ, ಕಾಫಿ ಕೇಳಿದರು.

ಮರುದಿನ ಬೆಳಿಗ್ಗೆ ಜಯತ್ತೆಗೆ ಗಂಡಸರಿಗಿಂತ ಮೊದಲು ಊಟಕ್ಕೆ ಹಾಕಿದರು. ಅವಳು ಬಂದ ಮೇಲೆ ಅದೇ ಮೊದಲು. ಬಿಸಿ ಮುದ್ದೆ, ಅವರೆಕಾಳು ಸಾರು. ಅವಳು ಅಳಲಿಲ್ಲ, ಸಾರು ಇನ್ನೊಂದು ಸೌಟು ಕೇಳಿ ಹಾಕಿಸಿಕೊಂಡಳು. ಅಮ್ಮ ಅವಳ ಬೆರಳುಗಳನ್ನು ಒಂದೊಂದಾಗಿ ಹಿಡಿದು ಕೊಬ್ಬರಿ ಎಣ್ಣೆ ಹಚ್ಚಿದಳು. ಅಜ್ಜಿ ದೇವರ ಕೋಣೆಯಿಂದ ಹೊರಗೇ ಬರಲಿಲ್ಲ. ಜರೀನಾಬಿ ಶೆಡ್ಡಿನಲ್ಲಿ ಒಲೆ ಹಚ್ಚದೆ ಕುಳಿತಿದ್ದಳು. ಅಪ್ಪ ಕೂಗಿದ ಮೇಲೆ ಹಚ್ಚಿದಳು. ನಾನು ಯೂನಿಫಾರ್ಮಿನಲ್ಲಿ ನಿಂತು ಷೂ ಲೇಸು ಕಟ್ಟಿಕೊಳ್ಳುತ್ತಿದ್ದೆ. ಅಪ್ಪ ಅಂಗಿ ಹಾಕಿಕೊಂಡು ಕೊಡೆ ಹಿಡಿದು ಮುಂದೆ ನಡೆದರು. ಜಯತ್ತೆ ಗಂಟು ಎತ್ತಿಕೊಂಡು ನನ್ನ ಪಕ್ಕ ಒಂದು ಗಳಿಗೆ ನಿಂತಳು.

"ಅವ್ನಿಗೆ ಹೆಂಗೆ ಗೊತ್ತಾಯ್ತು ಅಂತ ನಿಮ್ ಸಿಸ್ಟರ್ನ ಕೇಳಮ್ಮಿ. ಅವ್ರಿಗೆ ಇಂಗ್ಲಿಷ್ ಬತ್ತದಲ್ಲ."

ನಾನು ಕೇಳಿದೆ. ಸಿಸ್ಟರ್ ನನ್ನ ತಲೆ ಸವರಿ, "ಅದೆಲ್ಲ ಕ್ಯಾಮೆರಾ ಟ್ರಿಕ್ ಮಗು," ಎಂದರು. ಆ ಉತ್ತರವನ್ನು ನಾನು ತಲುಪಿಸೋಣವೆಂದರೆ ಜಯತ್ತೆ ನಮ್ಮ ಮನೆಗೆ ಮತ್ತೆ ಬರಲಿಲ್ಲ. ಹಬ್ಬಕ್ಕೆ ಕರೆಯಲು ಹೋದವರು ಅವಳಿಗೆ ಬಿಡುವಿಲ್ಲವಂತೆ ಎಂದು ಹೇಳಿ ವಾಪಸು ಬರುತ್ತಿದ್ದರು. ಸಿನಿಮಾಕ್ಕೆ ಹೋಗುವುದೂ ನಿಂತಿತು, ದೇವರದಕ್ಕೂ.

ನನ್ನನ್ನು ಬಲ್ಲವರೆಲ್ಲ ನಾನು ಬಹಳ ಮೃದು ಎನ್ನುತ್ತಾರೆ. ದನಿ ಏರಿಸಿ ಮಾತಾಡಿದ್ದೇ ಇಲ್ಲ, ಕಾನ್ವೆಂಟಿನಲ್ಲಿ ಓದಿದವಳಲ್ಲವೆ ಎನ್ನುತ್ತಾರೆ. ಮೆಲ್ಲಗೆ ಮಾತಾಡುವುದನ್ನು ಕಾನ್ವೆಂಟು ಕಲಿಸಿತು, ನಿಜ. ಯಾಕೆ ಮೆಲ್ಲಗೆ ಮಾತಾಡಬೇಕು ಎಂಬುದನ್ನು ಕಲಿಸಿದ್ದು ಆ ಪಡಸಾಲೆ. ಹೊಸಿಲು ದಾಟಿ ಬಂದು ಸ್ಪಷ್ಟವಾಗಿ ಕೇಳಿದವಳಿಗೆ ಏನು ಸಿಕ್ಕಿತೆಂದು ನೋಡಿದ್ದೆನಲ್ಲ. ಅಂದಿನಿಂದ ಯಾರನ್ನೂ ಏನನ್ನೂ ಎರಡನೆ ಸಲ ಕೇಳಿದವಳಲ್ಲ ನಾನು. ಗಂಡ ಒಳ್ಳೆಯವರು, ಕೈ ಎತ್ತಿದವರಲ್ಲ. ಆದರೂ ಮದುವೆಯಾಗಿ ಎಷ್ಟೋ ಕಾಲ, ಅವರು ಹೊರಗೆ ಹೋಗುವಾಗ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ನೋಡಿದರೆ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಅಪ್ಪ ತೀರಿಕೊಂಡಾಗ ಪಡಸಾಲೆ ಸಾಲದೆ ಬೀದಿಯಲ್ಲಿ ಶಾಮಿಯಾನ ಹಾಕಿದರು. ಜರೀನಾಬಿಯ ಮಗಳು, ಈಗ ಅಜ್ಜಿಯಾದವಳು, ಪಾದ ಹಿಡಿದು ಅತ್ತಳು. ಅವಳ ಅಳು ಸುಳ್ಳಲ್ಲ. "ದೇವ್ರಂಥಾ ಮನುಷ್ಯ, ಎಷ್ಟು ಸಂಸಾರ ಉಳಿಸಿದ," ಎಂದು ಬಂದವರೆಲ್ಲ ಹೇಳಿದರು. ನಾನು ಎಲ್ಲರಿಗೂ ಕಾಫಿ ಕೊಟ್ಟು, ಮೃದುವಾಗಿ ತಲೆಯಾಡಿಸಿದೆ.

ಹೋದ ತಿಂಗಳು ಜಯತ್ತೆ ರಾಮನಗರದ ಆಸ್ಪತ್ರೆಗೆ ಕಣ್ಣು ತೋರಿಸಲು ಬಂದವಳು ನನ್ನ ಮನೆಗೆ ಬಂದಳು. ಮುಂದಿನ ಹಲ್ಲುಗಳಿಲ್ಲ, ಬೆನ್ನು ಬಾಗಿದೆ. ಹಾಲ್‌ನಲ್ಲಿ ಸಿಂಧು ಟಿವಿಗೆ ಅಂಥದೇ ಒಂದು ಸಿನಿಮಾ ಹಾಕಿಕೊಂಡಿದ್ದಳು. ಒಬ್ಬಳು ಬೀಳುತ್ತಿದ್ದಳು, ಒಬ್ಬ ಹಾರಿ ಬರುತ್ತಿದ್ದ. ಜಯತ್ತೆ ಕಾಫಿ ಲೋಟ ಹಿಡಿದು ನಿಂತೇ ನೋಡಿದಳು.

"ಹೆಂಗಿದೆ ಅಜ್ಜಿ?" ಎಂದಳು ಸಿಂಧು.

"ಬತ್ತಾನೆ ಅಂತ ಗೊತ್ತಿದ್ರೆ ಯಾರ್ ಬೇಕಾರೂ ಬೀಳ್ತಾರೆ ಬುಡು ಕೂಸೆ."

ಸಿಂಧು ಅದನ್ನು ತಮಾಷೆ ಎಂದುಕೊಂಡು ನಕ್ಕಳು. ಸಂಜೆ ನಾನೇ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದೆ. ಅವಳ ಊರಿಗೆ ಹೋಗುವ ಮಾಗಡಿಯ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲುಬೆಂಚಿನ ಮೇಲೆ ಅವಳ ಬಲಕ್ಕೆ ಕುಳಿತು, ಇಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಹೇಳಿದೆ.

"ಹೋಗ್ಬೇಡಿ ಅತ್ತೆ. ನಮ್ಮನೇಲೇ ಇದ್ಬಿಡಿ. ನಿಮಗೆ ಅಂತ ಒಂದು ರೂಮಿದೆ."

ಅವಳು ನನ್ನ ಕೆನ್ನೆ ಮುಟ್ಟಿದಳು. ಬೆರಳು ಒರಟಾಗಿತ್ತು.

"ಈಗ್ಯಾಕವ್ವ? ಅವ್ನಿಗೆ ಲಕ್ವ ಹೊಡ್ದು ಮೂರು ವರ್ಸ ಆಯ್ತು. ಮಗ್ಗಲು ಬದಲಾಯಿಸ್ಕಳಕ್ಕೂ ಆಗಕಿಲ್ಲ. ಒಂದ್ ತೊಟ್ಟು ನೀರು ಬೇಕಾದ್ರೂ ನನ್ನೇ ಕೂಗ್ಬೇಕು."

"ಅಂಥವನಿಗೆ ನೀವೇ ಮಾಡ್ಬೇಕಾ ಅತ್ತೆ?"

"ಮಾಡ್ತೀನಿ. ಬ್ಯಾರೆ ಯಾರವ್ರೆ? ಆದ್ರೆ ಕೂಗಿದ್ ತಕ್ಸಣ ಏಳಕಿಲ್ಲ ಕಣಮ್ಮಿ. ಜಗಲಿ ಮ್ಯಾಲೆ ಕೂತ್ಕಂಡು ಕೇಳ್ತಿರ್ತೀನಿ. ಕೂಗ್ತಾನೆ, ಕೂಗ್ತಾನೆ, ಆಮ್ಯಾಕೆ ಅಳಕ್ಕೆ ಸುರು ಮಾಡ್ತಾನೆ. ಅವಾಗ ಎದ್ದು ಹೋಯ್ತೀನಿ." ಬಸ್ಸು ತಿರುಗಿ ಒಳಗೆ ಬರುತ್ತಿತ್ತು. ಅವಳು ಚೀಲ ಎತ್ತಿಕೊಂಡು ಎದ್ದಳು. "ಯಾರೂ ಬರಕಿಲ್ಲ ಅಂದ್ರೆ ಹೆಂಗಿರ್ತದೆ ಅಂತ ಅವ್ನಿಗೂ ದಿನಾ ಒಸಿ ಗೊತ್ತಾಗ್ಲಿ."